ಎರಡು ಕೊಳವೆ ಕೆಂಪಾದ ದಿನ

ಪೆಥಾಲಜಿ ಲ್ಯಾಬಿನ ಮೂಲೆಯ ವಾಟರ್ ಬಾತ್, ಕೊಳವೆಗಳನ್ನು ಬಿಸಿನೀರಲ್ಲಿ ಇಳಿಬಿಡುವ ಆ ತೊಟ್ಟಿ, ಈಗ ಗುಜರಿ ಸೇರಿರಬೇಕು. ನನಗೆ ಕಾಲೇಜು ಎಂದರೆ ಮೊದಲು ನೆನಪಾಗುವುದು ಅದೇ.

ಎರಡನೆಯ ವರ್ಷದಲ್ಲಿದ್ದೆವು. ವಾರ್ಡಿನಿಂದ ಒಬ್ಬ ರೋಗಿಯ ಮೂತ್ರದ ಎರಡು ಬಾಟಲಿ ಬಂದಿದ್ದವು. ಬೆಳಗಿನದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪು, ಮಧ್ಯಾಹ್ನದ್ದು ತಿಳಿಹಳದಿ. ಮೇಡಂ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಮ್ಮಲ್ಲಿ ಮೂವರನ್ನು ಕರೆದು ಹ್ಯಾಮ್ ಪರೀಕ್ಷೆಗೆ ಕೂರಿಸಿದರು. ಕೆಂಪು ಕಣಗಳು ರಕ್ತದಲ್ಲೇ ಒಡೆದು ಮೂತ್ರ ಕಪ್ಪಾಗುವ ಪಿಎನ್‌ಎಚ್ ಎಂಬ ಕಾಯಿಲೆಯನ್ನು ಪತ್ತೆಹಚ್ಚಲು ಅಮೆರಿಕದ ವೈದ್ಯ ಥಾಮಸ್ ಹ್ಯಾಮ್ 1937ರಲ್ಲಿ ವರ್ಣಿಸಿದ ಪರೀಕ್ಷೆ ಅದು.

ಮೊದಲ ಕೊಳವೆಯಲ್ಲಿ ರೋಗಿಯ ಕೆಂಪು ರಕ್ತಕಣ, ಅದಕ್ಕೆ ಆರೋಗ್ಯವಂತನ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ), ಜೊತೆಗೆ ತುಸು ಆಮ್ಲ. ಎರಡನೆಯದರಲ್ಲಿ ಅದೇ ಸೀರಮ್, ಅದೇ ಆಮ್ಲ, ಆದರೆ ಕಣಗಳು ಆರೋಗ್ಯವಂತನವು. ಮೂರನೆಯದರಲ್ಲಿ ಮತ್ತೆ ರೋಗಿಯ ಕಣಗಳೇ. ಸೀರಮ್ ಮಾತ್ರ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಕಾಂಪ್ಲಿಮೆಂಟ್ ಎಂಬ ರೋಗಾಣು ಕೊಲ್ಲುವ ಪ್ರೋಟೀನುಗಳ ಪಡೆಯನ್ನು ಕೆಡಿಸಿದ್ದು. ಕಣ ಒಡೆದು ಕೆಂಪಾಗಬೇಕಾದದ್ದು ಮೊದಲನೆಯದು ಮಾತ್ರ. ಉಳಿದೆರಡು ಹೋಲಿಕೆಗೆ ಇಟ್ಟ ಕಂಟ್ರೋಲ್. ನಮ್ಮಲ್ಲಿ ಮೂರನೆಯದೂ ಕೆಂಪಾಗಿತ್ತು.

"ಏನಪ್ಪಾ, ಚಹಾ ಬಿಸಿಯಿತ್ತೇನು? ನೀರಂತೂ ಬಿಸಿಯಾಗಿರಲಿಲ್ಲ," ಎಂದರು ಮೇಡಂ. ನೀರು ಕಾಯುವ ಮೊದಲೇ ಸೀರಮ್ ಇಳಿಸಿ ಕ್ಯಾಂಟೀನಿಗೆ ಓಡಿದ್ದು ಅವರಿಗೆ ಹೇಗೆ ತಿಳಿಯಿತೋ! ಎಲ್ಲವನ್ನೂ ಮತ್ತೆ ಮಾಡಿಸಿದರು. ಸಂಜೆಯ ಹೊತ್ತಿಗೆ ಒಂದೇ ಕೊಳವೆ ಕೆಂಪಾಯಿತು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಸೀರಮ್ ಆರೋಗ್ಯವಂತನದು, ಅದು ರೋಗಿಯ ಕಣವನ್ನೇಕೆ ಒಡೆಯಬೇಕು? ಮೇಡಂ ಉತ್ತರಕ್ಕೆ ನಮ್ಮೂರ ಹೋಳಿ ಹುಣ್ಣಿಮೆಯನ್ನೇ ತಂದರು. ರಕ್ತದಲ್ಲಿ ಕಾಂಪ್ಲಿಮೆಂಟ್ ಪಡೆಯ ಸಿ3 ಎಂಬ ಪ್ರೋಟೀನು ಸುಮ್ಮನಿದ್ದಾಗಲೂ ಸ್ವಲ್ಪಸ್ವಲ್ಪ ಸಿಡಿಯುತ್ತಲೇ ಇರುತ್ತದೆ. ಹತ್ತಿರ ಸಿಕ್ಕಿದ್ದಕ್ಕೆ ಅಂಟುತ್ತದೆ. ಬ್ಯಾಕ್ಟೀರಿಯಾ, ನಮ್ಮ ಕಣ ಎಂಬ ಭೇದವಿಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಹೊರಬಿದ್ದವನಿಗೆ ಬಣ್ಣ ಹಿಡಿಯುವುದಿಲ್ಲ, ಅಷ್ಟೇ. ಕೆಂಪು ಕಣದ ಆ ಎಣ್ಣೆಯಲ್ಲಿ ಸಿಡಿ55 ಮತ್ತು ಸಿಡಿ59 ಎಂಬ ಎರಡು ಪ್ರೋಟೀನುಗಳಿವೆ. ಮೊದಲನೆಯದು ಸಿ3ಯನ್ನು ಸೀಳುವ ಕಿಣ್ವದ ಜೋಡಿಯನ್ನು ಬಿಡಿಸಿಹಾಕುತ್ತದೆ. ಅದನ್ನೂ ದಾಟಿ ಬಂದರೆ, ಕೊನೆಯ ಹಂತದಲ್ಲಿ ಪೊರೆಗೆ ತೂತು ಕೊರೆಯಲು ಬರುವ ಸಿ9 ಅನ್ನು ಎರಡನೆಯದು ತಡೆಯುತ್ತದೆ. ಎರಡೂ ಪೊರೆಗೆ ಕಚ್ಚಿಕೊಂಡಿರುವುದು ಒಂದೇ ಬಗೆಯ ಕೊಬ್ಬಿನ ಲಂಗರಿನಿಂದ. ಆ ರೋಗಿಯ ಅಸ್ಥಿಮಜ್ಜೆಯ ಒಂದು ಕಾಂಡಕೋಶದಲ್ಲಿ ಲಂಗರು ತಯಾರಿಸುವ ಜೀನು ಕೆಟ್ಟಿತ್ತು. ಅದರ ಸಂತಾನದ ಕಣಗಳೆಲ್ಲ ಎಣ್ಣೆಯಿಲ್ಲದೆ ಓಕುಳಿಗೆ ಇಳಿದಿದ್ದವು. ತಂದೆತಾಯಿಯಿಂದ ಬಂದ ದೋಷವಲ್ಲ, ನಡುವೆ ಆದದ್ದು. ಆ ಜೀನು ಪತ್ತೆಯಾದದ್ದು 1993ರಲ್ಲಿ. ಮೇಡಂ ಅದನ್ನು ನಿನ್ನೆಯ ಸುದ್ದಿಯಂತೆ ಹೇಳುತ್ತಿದ್ದರು.

ಮುಂದೆ ಓದುತ್ತ ಅವರ ಹೋಲಿಕೆಗೆ ನಾನೂ ಒಂದು ಸೇರಿಸಿಕೊಂಡೆ. ರಕ್ತದಲ್ಲಿ ತೇಲುವ ಫ್ಯಾಕ್ಟರ್ ಎಚ್ ಕೂಡ ನಮ್ಮ ಕಣಗಳನ್ನು ಗುರುತಿಸಿ ಕಾಯುವ ಎಣ್ಣೆಯೇ. ಮಿದುಳಿನ ಪೊರೆಗೆ ಉರಿಯೂತ ತರುವ ಮೆನಿಂಜೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಕದ್ದು ತನ್ನ ಮೈಗೆ ಬಳಿದುಕೊಳ್ಳುತ್ತದೆ. ಈ ಕಾಯಿಲೆಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕುಲಿಜುಮ್ಯಾಬ್ ಔಷಧ, ಸಿ3ಕ್ಕೂ ಸಿ9ಕ್ಕೂ ನಡುವಿನ ಕೊಂಡಿಯಾದ ಸಿ5 ಅನ್ನು ಕಟ್ಟಿಹಾಕುತ್ತದೆ. ತೂತು ಕೊರೆಯುವ ಕೆಲಸವೇ ನಿಲ್ಲುತ್ತದೆ. ಕಣಗಳು ಉಳಿಯುತ್ತವೆ, ಆದರೆ ಈ ಕಳ್ಳನಿಗೆ ದಾರಿ ಸಲೀಸಾಗುತ್ತದೆ. ಅದಕ್ಕೇ ಮೊದಲು ಲಸಿಕೆ, ಆಮೇಲೆ ಔಷಧ.

ಈಗ ಹ್ಯಾಮ್ ಪರೀಕ್ಷೆ ಯಾರೂ ಮಾಡುವುದಿಲ್ಲ. ಆ ಎಣ್ಣೆಯಿಲ್ಲದ ಕಣಗಳೆಷ್ಟು ಎಂದು ಫ್ಲೋ ಸೈಟೋಮೆಟ್ರಿ ಯಂತ್ರ ಎಣಿಸಿ ಹೇಳುತ್ತದೆ. ಈಚೆಗೆ ಅಂಥದೇ ರೋಗಿಯೊಬ್ಬರು ನನ್ನ ಬಳಿ ಬಂದಾಗ, ನಿವೃತ್ತರಾಗಿ ಮನೆಯಲ್ಲಿರುವ ಮೇಡಂಗೆ ಫೋನ್ ಮಾಡಿ ವರದಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಂಟ್ರೋಲ್ ಸರಿಯಾಗಿತ್ತೇನು?" ಎಂದರು.