"ತುಂಬಿದ್ರೂ ನೀರು ಕಡಿಮಿ ಅಲ್ಲೇನ್ ಅಜ್ಜಿ?"

ಪಕ್ಕದ ಮನೆಯ ಏಳು ವರ್ಷದ ಹುಡುಗ ಫೋನಿನಲ್ಲಿ ಸಿಂಧನೂರಿನ ಅಜ್ಜಿಗೆ ಕೇಳಿದ ಪ್ರಶ್ನೆ ಇದು. "ಡ್ಯಾಮ್ ತುಂಬೇತಪ್ಪ, ಈ ಸಲ ಎರಡನೇ ಬೆಳಿಗೂ ನೀರು ಬಿಡ್ತಾರ" ಅಂತ ಅಜ್ಜಿ ಖುಷಿಯಿಂದ ಹೇಳುತ್ತಿದ್ದರು. ಹುಡುಗ ಆ ವಾರವಷ್ಟೇ ಶಾಲೆಯಲ್ಲಿ ಬಾಟಲಿಗೆ ಉಸುಕು ಹಾಕಿ, ಮೇಲೆ ನೀರು ಸುರಿದು ನೋಡಿದ್ದ. "ತಳದಾಗ ಉಸುಕು ಕುಂತಿದ್ರ, ತುಂಬಿದ್ರೂ ನೀರು ಕಡಿಮಿ ಅಲ್ಲೇನ್ ಅಜ್ಜಿ?" ಅಂದುಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಆ ಕಡೆಯಿಂದ "ಹೌದೋ ನನ್ನಪ್ಪ, ಹೂಳು ಭಾಳ ತುಂಬೇತಿ" ಅಂತ ಉತ್ತರ ಬಂತು.

ತುಂಗಭದ್ರಾ ಜಲಾಶಯದ ಹೂಳಿನ ಮಾತು ನಮ್ಮ ಕಡೆ ಹೊಸದೇನಲ್ಲ. ಎಡದಂಡೆ ನಾಲೆಯ ಕೊನೇ ಭಾಗದ ರೈತರು ಅದನ್ನು ಹೇಳುತ್ತಲೇ ಬಂದಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಬೆಳೆಯುತ್ತಿರುವ, ನಾಲೆಯನ್ನು ರಜೆಯಲ್ಲಿ ಮಾತ್ರ ಕಂಡ ಹುಡುಗನಿಗೆ ಅದು ಹೇಗೆ ಹೊಳೆಯಿತು? ಕೈಯಾರೆ ನೀರು ಸುರಿದಿದ್ದರಿಂದ ಹೊಳೆಯಿತು. ಪಾತ್ರೆ ಎಷ್ಟು ಹಿಡಿಸುತ್ತದೆ ಅನ್ನುವುದು ಒಂದು, ಅದರಲ್ಲಿ ಈಗ ಎಷ್ಟಿದೆ ಅನ್ನುವುದು ಇನ್ನೊಂದು. ಮೊದಲನೆಯದು ಸಾಮರ್ಥ್ಯ, ಎರಡನೆಯದು ಗಾತ್ರ. ಈ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಬರೆದು ತಿಳಿಸುವುದು ಕಷ್ಟ. ಬಕೆಟ್ಟಿನ ಮುಂದೆ ಕೂರಿಸಿದರೆ ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ.

ಇಲ್ಲಿ, ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಒಂದನೇ ವರ್ಷದ ಮಕ್ಕಳಿಗೆ ತುಂಬಿದ್ದು, ಖಾಲಿ, ಅರ್ಧ, ಕಾಲು, ಹೆಚ್ಚು, ಕಡಿಮೆ ಇಷ್ಟೇ ಇರುತ್ತದೆ. ಲೀಟರ್, ಮಿಲಿಲೀಟರ್ ಬರುವುದು ಎರಡನೇ ವರ್ಷಕ್ಕೆ. ಒಂದು ಸೆಂಟಿಮೀಟರಿನ ಘನ ತುಂಡುಗಳನ್ನು ಜೋಡಿಸಿ ಗಾತ್ರ ಅಂದಾಜು ಮಾಡುವುದು ಐದನೇ ವರ್ಷಕ್ಕೆ. ಈ ನಿಧಾನ ನನಗೆ ಬಹಳ ಹಿಡಿಸಿದೆ. ನಮ್ಮಲ್ಲಿ ನಲಿ-ಕಲಿ ಬಂದ ಮೇಲೆ ಸಣ್ಣ ತರಗತಿಗಳಲ್ಲಿ ಚಟುವಟಿಕೆಗೆ ಜಾಗ ಸಿಕ್ಕಿತು, ನಿಜ. ಆದರೂ ಅಳತೆಯ ಪಾಠಕ್ಕೆ ಬಂದರೆ "1000 ಮಿ.ಲೀ. = 1 ಲೀಟರ್" ಅನ್ನುವುದೇ ಮೊದಲು ಬಾಯಿಪಾಠವಾಗುತ್ತದೆ, ನೀರು ಸುರಿಯುವುದಿದ್ದರೆ ಅದನ್ನು ಮೇಷ್ಟ್ರೇ ಸುರಿದು ತೋರಿಸುತ್ತಾರೆ. ಅಳತೆಯ ಪಾತ್ರೆಗಳು ಬೀರುವಿನಲ್ಲಿ ಬೀಗದೊಳಗೆ ಉಳಿಯುತ್ತವೆ.

ಹಾಗಂತ ನಮ್ಮ ಮಕ್ಕಳು ಹಿಂದಿಲ್ಲ. ಇಲ್ಲಿ ಹಾಲಿನ ದೊಡ್ಡ ಬಾಟಲಿಯ ಮೇಲೆ 2.272 ಲೀಟರ್ ಅಂತ ಇರುತ್ತದೆ. ನಾಲ್ಕು ಪಿಂಟ್ ಅದು, ಒಂದು ಪಿಂಟಿಗೆ 568 ಮಿ.ಲೀ. ಅಂಗಡಿಯಲ್ಲಿ ಪಿಂಟು, ಶಾಲೆಯಲ್ಲಿ ಲೀಟರು ಅಂತ ಇಲ್ಲಿಯ ಮಕ್ಕಳು ಎರಡನ್ನೂ ನಿಭಾಯಿಸಬೇಕು. ನಮ್ಮೂರಲ್ಲಿ ಹಾಲಿನ ಪ್ಯಾಕೆಟ್ ಅಂದರೆ 500 ಮಿ.ಲೀ., ಶುದ್ಧ ನೀರಿನ ಘಟಕದ ಕ್ಯಾನ್ ಅಂದರೆ 20 ಲೀಟರ್. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ, ಹಾಗಾಗಿ ತುಂಬಿದ ಕ್ಯಾನ್ ಅಂದರೆ 20 ಕೆ.ಜಿ. ಮಾನ್ವಿ, ಲಿಂಗಸುಗೂರು ಕಡೆಯ ಹುಡುಗಿಯರು ಬೇಸಿಗೆಯಲ್ಲಿ ಹೊರುವ ಕೊಡದ ಭಾರ ಇಲ್ಲಿ ನಲ್ಲಿ ತಿರುಗಿಸುವ ಮಕ್ಕಳ ಕೈಗೆ ಗೊತ್ತೇ ಇಲ್ಲ. ಆ ಅರಿವನ್ನು ನಮ್ಮ ಶಾಲೆ ಬಳಸಿಕೊಳ್ಳುವುದಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಬಳಸಿಕೊಳ್ಳಲು ದೊಡ್ಡ ಸಾಮಾನೇನೂ ಬೇಕಿಲ್ಲ. ಐದು ಮಕ್ಕಳ ಒಂದು ಗುಂಪಿಗೆ ಒಂದು ಬಕೆಟ್, ಎರಡು ಒಂದೇ ಥರದ ಲೋಟ, ಒಂದು ಚಾ ಕಪ್, ಅಗಲದ ತಾಟು, ಖಾಲಿ ನೀರಿನ ಬಾಟಲಿ, ಎಣಿಕೆಗೆ ಒಂದು ಹಿಡಿ ಹುಣಸೆ ಬೀಜ. ನೀರಿಗೆ ಬಣ್ಣ ಬೇಕಾದರೆ ಬೀಟ್‌ರೂಟ್ ತುರಿದು ಹಿಂಡಿದ ರಸ ಒಂದೆರಡು ಚಮಚ ಸಾಕು. ಅರಿಶಿನ ಬೇಡ, ಅದು ಕರಗದೆ ತಳಕ್ಕೆ ಕೂರುತ್ತದೆ, ಮಟ್ಟ ಸರಿಯಾಗಿ ಕಾಣುವುದಿಲ್ಲ, ಅಂಗಿಗೂ ಕಲೆ.

ಮೊದಲ ದಿನ ಲೀಟರಿನ ಮಾತೇ ಬೇಡ. ಬಕೆಟ್ಟಿನಲ್ಲಿ 3 ಲೀಟರ್ ನೀರು ಹಾಕಿಡಿ, ಎಷ್ಟಿದೆ ಅಂತ ಹೇಳಬೇಡಿ. ಒಂದು ಗುಂಪಿಗೆ 200 ಮಿ.ಲೀ. ಲೋಟ, ಇನ್ನೊಂದಕ್ಕೆ ಕ್ಷೀರಭಾಗ್ಯದ ಹಾಲು ಕೊಡುವ 150 ಮಿ.ಲೀ. ಅಳತೆಯ ಲೋಟ, ಮತ್ತೊಂದಕ್ಕೆ 100 ಮಿ.ಲೀ. ಕಪ್ ಕೊಡಿ. ಎಷ್ಟು ಸಲ ತುಂಬಬಹುದು ಅನ್ನುವ ಅಂದಾಜನ್ನು ಪ್ರತಿಯೊಬ್ಬರೂ ಹಾಳೆಯ ಮೇಲೆ ಮೊದಲೇ ಬರೆಯಲಿ. ಬರೆಯದಿದ್ದರೆ ಉತ್ತರ ಬಂದ ಮೇಲೆ ಎಲ್ಲರೂ "ನಾನೂ ಅಷ್ಟೇ ಅಂದಿದ್ದೆ" ಅನ್ನುತ್ತಾರೆ. ಆಮೇಲೆ ಸುರಿಯಲಿ, ಪ್ರತಿ ಸಲಕ್ಕೂ ಒಂದು ಹುಣಸೆ ಬೀಜ ಪಕ್ಕಕ್ಕಿಡಲಿ. ಲೆಕ್ಕದ ಪ್ರಕಾರ 15, 20, 30 ಬರಬೇಕು. ಬರುವುದು 14, 22, 33, ಹೀಗೇನೋ. ಯಾಕೆ ಅಂತ ಮಕ್ಕಳೇ ಹುಡುಕಬೇಕು. ಲೋಟವನ್ನು ಒಬ್ಬ ಕಂಠಮಟ್ಟ ತುಂಬಿದ, ಇನ್ನೊಬ್ಬ ಒಂದು ಬೆರಳು ಬಿಟ್ಟ. ಬಕೆಟ್ಟಿನಲ್ಲಿ ಅದ್ದಿ ತೆಗೆದಾಗ ಹೊರಗೆ ಅಂಟಿದ ನೀರು ನೆಲಕ್ಕೆ ಹೋಯಿತು. ಕೊನೆಗೆ ಉಳಿದದ್ದು ಪೂರ್ತಿ ಲೋಟ ಆಗಲಿಲ್ಲ, ಅದನ್ನೂ ಒಂದು ಅಂತ ಎಣಿಸಿದರು. ಸಣ್ಣ ಕಪ್ಪಿನ ಗುಂಪಿನಲ್ಲಿ ತಪ್ಪು ಹೆಚ್ಚಾಗುವುದು ಸಹಜ, ಸುರಿಯುವ ಸಲ ಹೆಚ್ಚಾದಷ್ಟೂ ಚೆಲ್ಲುವ ಸಲವೂ ಹೆಚ್ಚುತ್ತದೆ. ಒಂದೇ ಬಕೆಟ್ಟಿಗೆ ಮೂರು ಉತ್ತರ ಬಂದ ಮೇಲೆ ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನುವುದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮ ಸಂತೆಗಳಲ್ಲಿ ಜೋಳವನ್ನು ಸೇರಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಈ ಜಗಳ ದಿನಾ ಇರುತ್ತಿತ್ತು. ಕೊಡುವವರು ಅಂಚಿಗೆ ಸರಿಯಾಗಿ ಗೀರಿ ಕೊಟ್ಟರೆ, ತೊಗೊಳ್ಳುವವರು ಮೇಲೆ ಗುಡ್ಡೆ ಏರಿಸಿ ಅನ್ನುತ್ತಿದ್ದರು. ಮನೆಯಲ್ಲಿ ಹಳೇ ಸೇರು, ಪಾವಸೇರು ಇದ್ದರೆ ಶಾಲೆಗೆ ತರಿಸಿ. ಅದರಲ್ಲೇ ಒಮ್ಮೆ ಜೋಳ, ಒಮ್ಮೆ ನೀರು ತುಂಬಿಸಿ. ಜೋಳ ಗುಡ್ಡೆಯಾಗುತ್ತದೆ, ನೀರು ಆಗುವುದಿಲ್ಲ. ಸಾಮರ್ಥ್ಯ ಅಳೆಯಲು ನೀರು ಯಾಕೆ ಒಳ್ಳೆಯದು ಅನ್ನುವುದಕ್ಕೆ ಇದಕ್ಕಿಂತ ಉತ್ತಮ ಪಾಠ ನನಗೆ ಗೊತ್ತಿಲ್ಲ.

ಎರಡನೇ ಪಾಠದಲ್ಲಿ ಶಿಕ್ಷಕರಿಗೆ ತಾಳ್ಮೆ ಬೇಕು. ಒಂದೇ ಥರದ ಎರಡು ಲೋಟಗಳಲ್ಲಿ ಸಮಸಮ ನೀರು ಹಾಕಿ. "ಎರಡೂ ಸಮ" ಅಂತ ಮಗು ಒಪ್ಪಿದ ಮೇಲೆ ಒಂದರ ನೀರನ್ನು ಸಪೂರ ಬಾಟಲಿಗೆ ಸುರಿಯಿರಿ. ಈಗ ಯಾವುದರಲ್ಲಿ ಹೆಚ್ಚು? ಏಳು ವರ್ಷದೊಳಗಿನ ಬಹಳಷ್ಟು ಮಕ್ಕಳು ಬಾಟಲಿ ಕಡೆ ಬೆರಳು ಮಾಡುತ್ತಾರೆ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಇದನ್ನು ಕಳೆದ ಶತಮಾನದಲ್ಲೇ ತೋರಿಸಿಕೊಟ್ಟ. ಮಗು ದಡ್ಡ ಅಂತಲ್ಲ, ಅದರ ಕಣ್ಣು ಎತ್ತರವನ್ನು ಮಾತ್ರ ಹಿಡಿಯುತ್ತದೆ, ಅಗಲ ಕಡಿಮೆಯಾದದ್ದನ್ನು ಲೆಕ್ಕಕ್ಕೆ ತೊಗೊಳ್ಳುವುದಿಲ್ಲ. ಆಗ "ತಪ್ಪು" ಅನ್ನಬೇಡಿ. ನೀರನ್ನು ಮತ್ತೆ ಅದೇ ಲೋಟಕ್ಕೆ ಮಗುವೇ ಸುರಿಯಲಿ, ತಾಟಿಗೆ ಸುರಿಯಲಿ, ಮತ್ತೆ ಲೋಟಕ್ಕೆ ತರಲಿ. ಒಂದೇ ದಿನಕ್ಕೆ ಆಗುವ ಕೆಲಸ ಇದಲ್ಲ.

ಮೂರನೇ ತರಗತಿಗೆ ಬಂದ ಮಕ್ಕಳು ತಮ್ಮ ಅಳತೆಯ ಬಾಟಲಿಯನ್ನು ತಾವೇ ಮಾಡಬೇಕು. ಒಂದು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿ. ಉದ್ದಕ್ಕೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಮೇಲೆ ಪಾರದರ್ಶಕ ಟೇಪ್ ಹಾಕಿ. ಪ್ರತಿ ಸಲ 100 ಮಿ.ಲೀ. ಸುರಿದು ಗೆರೆ ಎಳೆಯಿರಿ. ಆ ನೂರನ್ನು ಸೂಜಿ ಇಲ್ಲದ 50 ಮಿ.ಲೀ. ಸಿರಿಂಜಿನಿಂದ ಎರಡು ಸಲ ತೆಗೆಯುವುದು ಒಳ್ಳೆಯದು. 5 ಮಿ.ಲೀ. ಸಿರಿಂಜಾದರೆ ಇಪ್ಪತ್ತು ಸಲ ಆಗುತ್ತದೆ, ಸಣ್ಣ ಸಣ್ಣ ತಪ್ಪು ಸೇರಿ ದೊಡ್ಡದಾಗುತ್ತದೆ. ಅವಸರದ ಮಕ್ಕಳು ಮೊದಲ ಗೆರೆ ನೋಡಿ, ಸ್ಕೇಲು ಹಿಡಿದು ಉಳಿದ ಗೆರೆಗಳನ್ನು ಸಮ ಅಂತರದಲ್ಲಿ ಎಳೆದುಬಿಡುತ್ತಾರೆ. ಅದು ಹೊಂದುವುದಿಲ್ಲ. ಬಾಟಲಿಯ ತಳ ಒಳಕ್ಕೆ ಉಬ್ಬಿರುತ್ತದೆ, ಮೈಮೇಲೆ ಪಟ್ಟಿಗಳಿರುತ್ತವೆ, ಹಾಗಾಗಿ ಗೆರೆಗಳ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ. ಆ ತಪ್ಪನ್ನು ಮಾಡಲು ಬಿಡಿ, ಆಮೇಲೆ ನೀರು ಹಾಕಿ ಪರೀಕ್ಷಿಸಲಿ. ತೆಳು ಬಾಟಲಿಯನ್ನು ಕೈಯಲ್ಲಿ ಅದುಮಿ ಹಿಡಿದರೆ ಮಟ್ಟ ಏರುತ್ತದೆ, ಮೇಜಿನ ಮೇಲಿಟ್ಟೇ ಓದಬೇಕು. ಬಾಟಲಿಯನ್ನು ಕಣ್ಣಿನ ಹತ್ತಿರ ಎತ್ತುವುದಲ್ಲ, ಮಗು ಕುಕ್ಕರಗಾಲಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತರಬೇಕು. ಗಾಜಿನ ಅಳತೆಗೊಳವೆ ಇದ್ದರೆ ಅಂಚಿನಲ್ಲಿ ನೀರು ಮೇಲೇರಿ ಬಾಗಿರುತ್ತದೆ, ಆ ಬಾಗಿನ ಕೆಳಗಿನ ಮಟ್ಟವನ್ನೇ ಓದಬೇಕು. ಕೊನೆಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಖಾಲಿ ಬಾಟಲಿಯನ್ನೂ, 500 ಗೆರೆಯವರೆಗೆ ತುಂಬಿದ ಬಾಟಲಿಯನ್ನೂ ತೂಗಿ. ವ್ಯತ್ಯಾಸ ಅರ್ಧ ಕೆ.ಜಿ.ಗೆ ಹತ್ತಿರ ಬಂದರೆ ಅಳತೆ ಸರಿ ಇದೆ.

ಇದೇ ಬಾಟಲಿಯಿಂದ ಕಲ್ಲಿನ ಗಾತ್ರವನ್ನೂ ಅಳೆಯಬಹುದು. ಇದರಲ್ಲಿ ಬಳ್ಳಾರಿ ಜಿಲ್ಲೆಯ ಶಾಲೆಗಳಿಗೆ ಒಂದು ಅನುಕೂಲ ಇದೆ. ಸಂಡೂರಿನ ಗಟ್ಟಿ ಕಬ್ಬಿಣದ ಅದಿರಿನ ಒಂದು ಉಂಡೆ, ಒಂದು ಗ್ರಾನೈಟ್ ತುಂಡು, ಎರಡೂ ನೀರನ್ನು ಸುಮಾರು 50 ಮಿ.ಲೀ. ಏರಿಸುವಂಥವನ್ನು ಶಿಕ್ಷಕರು ಮೊದಲೇ ಆರಿಸಿಡಲಿ. ಗ್ರಾನೈಟ್ ಸುಮಾರು 135 ಗ್ರಾಂ ತೂಗಿದರೆ ಅದಿರು 250 ಗ್ರಾಂ ಹತ್ತಿರ ತೂಗುತ್ತದೆ. ಕೈಯಲ್ಲಿ ಹಿಡಿದ ಮಕ್ಕಳೆಲ್ಲ ಭಾರದ ಅದಿರು ನೀರನ್ನು ಹೆಚ್ಚು ಏರಿಸುತ್ತದೆ ಅನ್ನುತ್ತಾರೆ. ದಾರ ಕಟ್ಟಿ ಒಂದೊಂದಾಗಿ ನಿಧಾನಕ್ಕೆ ಇಳಿಬಿಡಿ. ಎರಡಕ್ಕೂ ಮಟ್ಟ ಏರುವುದು ಅಷ್ಟೇ. ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ತೂಕಕ್ಕೆ ಅಲ್ಲಿ ಕೆಲಸವಿಲ್ಲ. ಕಲ್ಲು ಪೂರ್ತಿ ಮುಳುಗಿರಬೇಕು, ಮೈಗಂಟಿದ ಗಾಳಿಗುಳ್ಳೆಗಳನ್ನು ಅಲುಗಾಡಿಸಿ ಬಿಡಿಸಬೇಕು. ಇಟ್ಟಿಗೆ ತುಂಡು ಬೇಡ, ಅದು ನೀರು ಕುಡಿಯುತ್ತದೆ. ಪಕ್ಕಕ್ಕೆ ತೂತು ಮಾಡಿ ಸ್ಟ್ರಾ ಕೂರಿಸಿದ ಡಬ್ಬಿಯಿಂದ ಹೊರಚೆಲ್ಲಿದ ನೀರು ಹಿಡಿಯುವುದಾದರೆ, ಮೊದಲು ತುಂಬಿಸಿ ಹನಿ ನಿಲ್ಲುವವರೆಗೆ ಕಾಯಬೇಕು. ಸ್ಟ್ರಾದ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಕೊನೆಯ ಹನಿ ಅಲ್ಲೇ ತೂಗಾಡದೆ ಬೀಳುತ್ತದೆ.

ಇನ್ನು ಉಸುಕಿನ ಪ್ರಯೋಗ. ಒಂದು ಲೀಟರ್ ಗೆರೆ ಇರುವ ಪಾತ್ರೆಗೆ 200 ಮಿ.ಲೀ. ಒಣ ಉಸುಕು ಹಾಕಿ. ಇನ್ನು ಎಷ್ಟು ನೀರು ಹಿಡಿಸೀತು ಅಂದರೆ ಲೆಕ್ಕದಲ್ಲಿ ಜಾಣರಾದ ಮಕ್ಕಳು "800" ಅನ್ನುತ್ತಾರೆ. ಹಾಕಿ ನೋಡಿದರೆ 870ರ ಆಸುಪಾಸು ಹಿಡಿಸುತ್ತದೆ. ಉಸುಕಿನ ಕಾಳುಗಳ ನಡುವೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖಾಲಿ ಜಾಗ ಇರುತ್ತದೆ, ನೀರು ಇಳಿದಂತೆ ಅಲ್ಲಿಂದ ಗುಳ್ಳೆ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಈಗ ಬಾಯಿಗೆ ಬಟ್ಟೆ ಕಟ್ಟಿ ನೀರನ್ನು ಬಸಿಯಿರಿ. ಹಾಕಿದಷ್ಟು ವಾಪಸ್ ಬರುವುದಿಲ್ಲ, ಒಂದಿಷ್ಟು ಉಸುಕಿನಲ್ಲೇ ಉಳಿಯುತ್ತದೆ. ಹಿಡಿಸಿದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಅಂತ ಎರಡನ್ನೂ ಬರೆಸಿ.

ಐದನೇ ತರಗತಿ ದಾಟಿದವರಿಗೆ ಇಲ್ಲಿಂದ ತುಂಗಭದ್ರಾ ಡ್ಯಾಮ್ ಇರುವ ಮುನಿರಾಬಾದಿಗೆ ದಾರಿ ಹತ್ತಿರ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಸುತ್ತಿದ್ದ ಜಲಾಶಯಕ್ಕೆ ಈಗ ಲೆಕ್ಕ ಹಿಡಿಯುವುದು 105.788 ಟಿ.ಎಂ.ಸಿ. ಪೂರ್ಣ ಮಟ್ಟ ಆಗಲೂ 1633 ಅಡಿ, ಈಗಲೂ 1633 ಅಡಿ. ಪೇಪರಿನಲ್ಲಿ ಮಟ್ಟ ನೋಡಿ ತುಂಬಿತು ಅಂತ ನಾವು ಬಾಗಿನದ ಸಂಭ್ರಮ ಪಡುತ್ತೇವೆ, ಕಡಿಮೆಯಾದ 27 ಟಿ.ಎಂ.ಸಿ. ಆ ಅಡಿ ಲೆಕ್ಕದಲ್ಲಿ ಕಾಣುವುದಿಲ್ಲ. ಒಂದು ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ. ಘನ ಅಡಿ ಎಷ್ಟು ದೊಡ್ಡದು ಅಂತ ತೋರಿಸಲು ಮೊದಲು 10 ಸೆಂ.ಮೀ. ಉದ್ದ, ಅಗಲ, ಎತ್ತರದ ರಟ್ಟಿನ ಪೆಟ್ಟಿಗೆ ಮಾಡಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಿ. ಅದರಲ್ಲಿ ಸರಿಯಾಗಿ ಒಂದು ಲೀಟರ್ ಹಿಡಿಸಬೇಕು. ನೀರಿನ ಒತ್ತಡಕ್ಕೆ ರಟ್ಟು ಹೊರಗೆ ಉಬ್ಬಿದರೆ ಹೆಚ್ಚು ಹಿಡಿಸುತ್ತದೆ, ನಾಲ್ಕು ಕಡೆ ಇಟ್ಟಿಗೆ ಒತ್ತಿಡಿ. ಆಮೇಲೆ ಕಡ್ಡಿಗಳಿಂದ ಒಂದು ಅಡಿಯ ಚೌಕಟ್ಟು ಕಟ್ಟಿಸಿ, ಅದರೊಳಗೆ ಇಂಥ 28ಕ್ಕಿಂತ ಸ್ವಲ್ಪ ಹೆಚ್ಚು ಲೀಟರ್ ಹಿಡಿಸುತ್ತದೆ. ಒಂದು ಟಿ.ಎಂ.ಸಿ.ಯನ್ನು 20 ಲೀಟರಿನ ಕ್ಯಾನುಗಳಿಗೆ ತುಂಬಿದರೆ ಸುಮಾರು 141 ಕೋಟಿ ಕ್ಯಾನ್. ಸೊನ್ನೆಗಳ ಲೆಕ್ಕವನ್ನು ಮಕ್ಕಳೇ ಮಾಡಲಿ.

ನೀರಿಲ್ಲದ ಊರಲ್ಲಿ ನೀರಿನ ಆಟವೇ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಈ ಪಾಠಗಳನ್ನು ಆಗಸ್ಟ್, ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಇಡೀ ತರಗತಿಗೆ 10 ಲೀಟರ್ ಸಾಕು, ಅದೇ ನೀರು ಗುಂಪಿನಿಂದ ಗುಂಪಿಗೆ ಹೋಗಲಿ. ಕೆಳಗೆ ಪರಾತ ಇಟ್ಟರೆ ಚೆಲ್ಲಿದ್ದೂ ಉಳಿಯುತ್ತದೆ. ಕೊನೆಗೆ ವಾಪಸ್ ಅಳೆದು, 10 ಲೀಟರಿನಲ್ಲಿ ಎಷ್ಟು ಕಡಿಮೆಯಾಯಿತು ಅಂತ ಬೋರ್ಡಿನ ಮೇಲೆ ಬರೆಯಿರಿ. ಮಿಕ್ಕಿದ್ದು ಗಿಡಕ್ಕೆ.

ಪರೀಕ್ಷೆಗೆ ಪ್ರಶ್ನೆ ಬೇಕಾದರೆ ಅಡುಗೆ ಕೋಣೆಯಲ್ಲೇ ಇದೆ. 40 ಮಕ್ಕಳು, ಒಬ್ಬರಿಗೆ 150 ಮಿ.ಲೀ. ಹಾಲು, ಅದಕ್ಕೆ 18 ಗ್ರಾಂ ಪುಡಿ. ಒಟ್ಟು 6 ಲೀಟರ್ ಹಾಲು, 720 ಗ್ರಾಂ ಪುಡಿ. ಇಷ್ಟನ್ನು ಯಾರಾದರೂ ಗುಣಿಸಿ ಹೇಳಿಯಾರು. ಆಮೇಲೆ ಕೇಳಿ, ಇದನ್ನು ಕಾಯಿಸಲು 6 ಲೀಟರಿನ ಪಾತ್ರೆ ಸಾಕೇ? ಸಾಕು ಅಂದ ಮಗುವನ್ನು ಬಿಸಿಯೂಟದ ಅಕ್ಕನ ಹತ್ತಿರ ಕಳಿಸಿ, ಅವರು 6 ಲೀಟರ್ ಹಾಲಿಗೆ ಎಷ್ಟು ದೊಡ್ಡ ಪಾತ್ರೆ ಇಡುತ್ತಾರೆ, ಯಾಕೆ ಇಡುತ್ತಾರೆ ಅಂತ ಕೇಳಿಕೊಂಡು ಬರಲಿ.