ನಾಣ್ಯ ಚಿಮ್ಮಿ ನೋಡಿದ ಚಕ್ರ

ಕೊಪ್ಪಳ, 20 ಜುಲೈ 2025, ರವಿವಾರ

ಸೈಕಲ್ ಚಕ್ರ ಪರೀಕ್ಷಿಸುವ ನಮ್ಮ ಹತ್ತನೇ ಸವಾರಿ ಇವತ್ತಿಗೆ ಮುಗಿಯಿತು. ಬೆಳಗ್ಗೆ ಐದೂವರೆಗೆ ಅಣ್ಣನ ಮಗ ಅಂಗಳದಲ್ಲಿ ನಿಂತು ಎರಡು ರೂಪಾಯಿ ನಾಣ್ಯ ಚಿಮ್ಮಿದ. ಸಿಂಹ ಬಿದ್ದರೆ ಹೊಸ ಚಕ್ರ, ಅಂಕಿ ಬಿದ್ದರೆ ಹಳೇ ಚಕ್ರ. ಅಂಕಿ ಬಿತ್ತು. ಹುಡುಗನ ಮುಖ ಸಪ್ಪಗಾಯಿತು. ಮಾತಾಡದೆ ಹಳೇ ಚಕ್ರ ಹಾಕಿಕೊಂಡು ಹೊಸಪೇಟೆ ರಸ್ತೆಗೆ ಇಳಿದ. ನಾನು ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತೆ.

ಇದೆಲ್ಲ ಶುರುವಾದದ್ದು ಒಂದು ಜಾಹೀರಾತಿನಿಂದ. ಡಿಸೆಂಬರಿನಲ್ಲಿ ಟ್ರಯಥ್ಲಾನ್ ಮಾಡಬೇಕು ಅಂತ ಅವನಿಗೆ ಆಸೆ. ಒಲಿಂಪಿಕ್ ದೂರದ್ದು: ಒಂದೂವರೆ ಕಿಲೋಮೀಟರ್ ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಊರ ಬಾವಿಯಲ್ಲಿ ಈಜು ಕಲಿತ ಹುಡುಗ. ಹೊಲದ ಬದುವಿನಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡವನು. ಜೂನ್ ಮೊದಲ ವಾರ ಮನೆಗೆ ಬಂದವನೇ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ.

"ಅತ್ತಿ, ಇಲ್ನೋಡ್ರಿ. ಈ ಚಕ್ರ ಹಾಕಿದ್ರ ನಲವತ್ತು ಕಿಲೋಮೀಟರಿಗೆ ಎರಡು ನಿಮಿಷ ಉಳಿತಾವಂತ. ಹನ್ನೆರಡು ವ್ಯಾಟ್ ಶಕ್ತಿ ಉಳಿತೈತಂತ!"

"ರೇಟ್ ಎಷ್ಟೋ?"

"ತೊಂಬತ್ತು ಸಾವಿರ. ಅಪ್ಪ ಸೊಸೈಟ್ಯಾಗ ಸಾಲ ತಗೀತೀನಿ ಅಂದಾನ್ರಿ."

ನನಗೆ ಹೊಟ್ಟೆಯಲ್ಲಿ ಕಲಸಿದಂಗಾಯಿತು. ಅಣ್ಣನಿಗೆ ಯಲಬುರ್ಗಾ ಕಡೆ ನಾಲ್ಕೆಕರೆ ಮಳೆ ಆಶ್ರಯದ ಹೊಲ. ಹೆಸರು, ಗೋವಿನಜೋಳ ಹಾಕ್ತಾನೆ. ಮಗ ಕೇಳಿದ ಅಂದರೆ ಇಲ್ಲ ಅನ್ನುವ ಜೀವ ಅಲ್ಲ ಅದು.

ಜಾಹೀರಾತನ್ನು ನಾನು ಕೆಳಗಿನ ತನಕ ಓದಿದೆ. ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳೋಳು ನಾನು, ಅಂಕಿ ಕಂಡರೆ ಬಿಡೋದಿಲ್ಲ. ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ಗಾಳಿ ಸುರಂಗದಲ್ಲಿ (ಅಂದರೆ ಫ್ಯಾನಿನಿಂದ ಗಾಳಿ ಬೀಸಿ ಪರೀಕ್ಷೆ ಮಾಡುವ ಕೋಣೆಯಲ್ಲಿ), ಗಂಟೆಗೆ 48 ಕಿ.ಮೀ. ವೇಗದಲ್ಲಿ ಅಳೆದದ್ದು. ಯಾವ ಚಕ್ರಕ್ಕೆ ಹೋಲಿಸಿ ಅಂತ ಎಲ್ಲೂ ಇಲ್ಲ. ಸೈಕಲ್ ಮೇಲೆ ಮನುಷ್ಯ ಕೂತಿದ್ದನೋ ಇಲ್ಲವೋ ಅದೂ ಇಲ್ಲ. ಗಾಳಿ ಯಾವ ಮಗ್ಗುಲಿಂದ ಬೀಸ್ತಿತ್ತು ಅನ್ನೋದೂ ಇಲ್ಲ.

ನಮ್ಮ ಹುಡುಗ 40 ಕಿ.ಮೀ. ಹೊಡೆಯೋದು ಗಂಟೆಗೆ 30ರ ಆಸುಪಾಸಿನಲ್ಲಿ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಇಳಿಯುವಾಗಲೂ ಅದೇ ಲೆಕ್ಕ. 48ರಲ್ಲಿ 12 ವ್ಯಾಟ್ ಇದ್ದ ಉಳಿತಾಯ 30ಕ್ಕೆ ಬಂದಾಗ ಬರೀ ಮೂರು ವ್ಯಾಟ್.

ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ನಿಧಾನಕ್ಕೆ ಹೋಗುವವನು ರಸ್ತೆ ಮೇಲೆ ಜಾಸ್ತಿ ಹೊತ್ತು ಇರ್ತಾನೆ. ಹಾಗಾಗಿ ವ್ಯಾಟ್ ಇಳಿದಷ್ಟು ಸೆಕೆಂಡು ಇಳಿಯೋದಿಲ್ಲ. ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿದೆ. ಎಲ್ಲಾ ಅವರಂದಂತೆಯೇ ನಡೆದರೆ ಇವನಿಗೆ ಸಿಗೋದು ಮುಕ್ಕಾಲು ನಿಮಿಷ. ಎರಡು ನಿಮಿಷ ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಾಯಿ ಮಾತಲ್ಲಿ ಹೇಳಿದರೆ ಆ ವಯಸ್ಸಿನವರು ಕೇಳ್ತಾರಾ? ಅದಕ್ಕೇ ಅವನಿಗೆ ಇಂಗ್ಲೆಂಡಿನ ಜೆರೆಮಿ ಗ್ರೋವ್ಸ್ ಅನ್ನೋ ಡಾಕ್ಟರ ವಿಷಯ ಹೇಳಿದೆ. ಆತ ಸಾವಿರ ಪೌಂಡಿನ ಕಾರ್ಬನ್ ಸೈಕಲ್ ಕೊಂಡ. ಅವನ ಹಳೇದು 50 ಪೌಂಡಿಗೆ ತಂದಿದ್ದ ಸೆಕೆಂಡ್‌ಹ್ಯಾಂಡ್ ಉಕ್ಕಿನ ಸೈಕಲ್. ಅದು 13.5 ಕೆ.ಜಿ., ಹೊಸದು 9.5. ದಿನಾ ಬೆಳಗ್ಗೆ ನಾಣ್ಯ ಚಿಮ್ಮಿ, ಬಿದ್ದ ಸೈಕಲ್ಲು ತಗೊಂಡು ಆಸ್ಪತ್ರೆಗೆ ಹೋದ. ಹೋಗಿ ಬರೋದು ಸೇರಿ 43 ಕಿ.ಮೀ. ಮೇಲೆ, ಏರಿಳಿತದ ದಾರಿ. ಹೀಗೆ 56 ದಿನ. ಉಕ್ಕಿನ ಸೈಕಲ್ಲಿನ ಸರಾಸರಿ 1 ಗಂಟೆ 47 ನಿಮಿಷ 48 ಸೆಕೆಂಡ್. ಕಾರ್ಬನ್ನಿನದು 1 ಗಂಟೆ 48 ನಿಮಿಷ 21 ಸೆಕೆಂಡ್. ವ್ಯತ್ಯಾಸವೇ ಇಲ್ಲ ಅನ್ನಬೇಕು. ಸೈಕಲ್ಲು ನಾಲ್ಕು ಕೆ.ಜಿ. ಹಗುರಾಯಿತು, ನಿಜ. ಆದರೆ ಮೇಲೆ ಕೂತ ಮನುಷ್ಯನ ತೂಕ ಸೇರಿಸಿದರೆ ಆ ನಾಲ್ಕು ಕೆ.ಜಿ. ಎಷ್ಟರದು? ಆ ಲೆಕ್ಕವನ್ನ ಆತ ಅಚ್ಚುಕಟ್ಟಾಗಿ ಬರೆದ, ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನ ಪ್ರಕಟಿಸಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾವೂ ಹಂಗ ಮಾಡೂಣಲ್ರಿ" ಅಂದ. ಹೊಸಪೇಟೆಯ ಗೆಳೆಯನ ಹತ್ತಿರ ಅಂಥದ್ದೇ ಚಕ್ರ ಇತ್ತು. ಒಂದು ತಿಂಗಳ ಮಟ್ಟಿಗೆ ಇಸಕೊಂಡು ಬಂದ. ರಬ್ಬರ್ ವಾಸನೆ ಇನ್ನೂ ಹೋಗದ, ಅಂಗೈ ಅಗಲದ ಕರೀ ರಿಮ್ಮು. ಬೆರಳಲ್ಲಿ ತಟ್ಟಿದರೆ ಡೊಳ್ಳಿನಂಗೆ ಡಬ್ ಅನ್ನುತ್ತದೆ. ನೋಡೋಕೆ ಬಹಳ ಚೆಂದ, ಅದನ್ನ ಇಲ್ಲ ಅನ್ನಲಾರೆ.

ಮನೆಯಿಂದ ಗಿಣಿಗೇರಾ ದಾಟಿ ಇಪ್ಪತ್ತು ಕಿ.ಮೀ., ಅಲ್ಲೇ ತಿರುಗಿ ವಾಪಸ್. ಒಂದೇ ಹೊತ್ತು, ಒಂದೇ ಟೈರು, ಗಾಳಿಯ ಪ್ರೆಷರೂ ಒಂದೇ. ಹತ್ತು ಸವಾರಿಯಲ್ಲಿ ಹೊಸ ಚಕ್ರ ಆರು ಸಲ ಬಿತ್ತು, ಹಳೇದು ನಾಲ್ಕು ಸಲ. ಇವತ್ತು ಎಲ್ಲಾ ಕೂಡಿಸಿ ಭಾಗಿಸಿದೆವು. ಹಳೇ ಚಕ್ರದ ಸರಾಸರಿ 1 ಗಂಟೆ 20 ನಿಮಿಷ 12 ಸೆಕೆಂಡ್. ಹೊಸದರದ್ದು 1 ಗಂಟೆ 19 ನಿಮಿಷ 41 ಸೆಕೆಂಡ್. ಮೂವತ್ತೊಂದು ಸೆಕೆಂಡ್ ಹೊಸದು ಮುಂದೆ.

ಆದರೆ ಎಲ್ಲಕ್ಕಿಂತ ಜೋರಿನ ಸವಾರಿ ಜೂನ್ 29ರದ್ದು, 1 ಗಂಟೆ 16 ನಿಮಿಷ 50 ಸೆಕೆಂಡ್. ಅವತ್ತು ಗಾಳಿಯೇ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಇದ್ದದ್ದು ಹಳೇ ಚಕ್ರ. ಎಲ್ಲಕ್ಕಿಂತ ನಿಧಾನದ್ದು 1 ಗಂಟೆ 24 ನಿಮಿಷ 20 ಸೆಕೆಂಡ್, ಅದು ಹೊಸ ಚಕ್ರದ ಮೇಲೆ. ದಿನದಿಂದ ದಿನಕ್ಕೆ ಏಳೂವರೆ ನಿಮಿಷದ ಹೆಚ್ಚುಕಮ್ಮಿ ಇರುವಾಗ ಮೂವತ್ತೊಂದು ಸೆಕೆಂಡನ್ನು ಚಕ್ರದ್ದು ಅಂತ ಹೇಗೆ ಹೇಳೋದು? ಹತ್ತು ಸವಾರಿ ಅದಕ್ಕೆ ಸಾಲೋದಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು. ನಾನು ಹಾಗೇ ಬರೆದಿಟ್ಟೆ.

ಆ ನಿಧಾನದ ದಿನದ ಕಥೆ ಹೇಳಲೇಬೇಕು. ಆಷಾಢದ ಗಾಳಿ ಗೊತ್ತಲ್ಲ. ಕೊಪ್ಪಳ, ಗದಗ ಸೀಮೆಯಲ್ಲಿ ಇಷ್ಟೊಂದು ಗಾಳಿ ಯಂತ್ರ ನೆಟ್ಟಿರೋದು ಸುಮ್ನೆ ಅಲ್ಲ. ಹೋಗುವಾಗ ಬೆನ್ನಿಗೆ ತಳ್ಳಿದ ಗಾಳಿ ಬರುವಾಗ ಎದುರಿಗೆ ನಿಂತಿತು. ರಸ್ತೆ ಸ್ವಲ್ಪ ಹೊರಳಿದ ಕಡೆ ಮಗ್ಗುಲಿಂದ ಬಡಿಯಿತು. ಅದೇ ಹೊತ್ತಿಗೆ ಅದಿರಿನ ಲಾರಿಯೊಂದು ಪಕ್ಕದಲ್ಲಿ ಹಾದುಹೋಗಿದೆ. ಲಾರಿ ಇದ್ದಷ್ಟು ಹೊತ್ತು ಗಾಳಿ ತಡೆದು, ದಾಟಿದ ಕೂಡಲೇ ಮತ್ತೆ ಅಪ್ಪಳಿಸಿ, ಮುಂದಿನ ಚಕ್ರವನ್ನು ಹಾಯಿ ಹಿಡಿದಂತೆ ಎಳೆದು ಒಂದು ಮಾರು ಆಚೆ ಹಾಕಿತಂತೆ. ಬಂದವನ ಅಂಗೈ ಕೆಂಪಗಾಗಿತ್ತು, ಹ್ಯಾಂಡಲ್ ಅಷ್ಟು ಬಿಗಿಯಾಗಿ ಹಿಡಿದಿದ್ದ. "ಅತ್ತಿ, ಇವತ್ತ ಅಂಜಿಕಿ ಬಂತ್ರಿ" ಅಂದ. ಅಗಲ ರಿಮ್ಮಿಗೆ ಮಗ್ಗುಲ ಗಾಳಿ ಹೀಗೆ ತಾಗುತ್ತದೆ ಅನ್ನೋ ಮಾತು ಆ ಜಾಹೀರಾತಿನಲ್ಲಿ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಎರಡು ನಿಮಿಷಕ್ಕಲ್ಲ, ಇದಕ್ಕೆ.

ಸಾಮಾನೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಇದೇ ಜುಲೈ 23ಕ್ಕೆ 36 ವರ್ಷದ ಹಿಂದೆ, 1989ರ ಟೂರ್ ದ ಫ್ರಾನ್ಸ್ ಅನ್ನೋ ದೊಡ್ಡ ಸೈಕಲ್ ಪಂದ್ಯದ ಕೊನೇ ದಿನ, ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಸೈಕಲ್ ಓಡಿಸುವ 24.5 ಕಿ.ಮೀ. ಸುತ್ತಿನಲ್ಲಿ ಅದನ್ನೆಲ್ಲ ತೀರಿಸಿ ಲೊರಾಂ ಫಿನ್ಯೋನನ್ನು 8 ಸೆಕೆಂಡಿನಿಂದ ಸೋಲಿಸಿದ. ಅವನ ಸೈಕಲ್ಲಿಗೆ ಮುಂದಕ್ಕೆ ಚಾಚಿದ ಕಂಬಿ ಇತ್ತು, ಟ್ರಯಥ್ಲಾನಿನವರು ಅದಕ್ಕೂ ಮೊದಲೇ ಬಳಸ್ತಿದ್ದದ್ದು. ಆ ಕಂಬಿ ಮಾಡಿದ್ದೇನು? ಮೊಣಕೈ ಒಳಗೆ ತಂದು, ಬೆನ್ನು ಬಗ್ಗಿಸಿ, ಸವಾರನ ಮೈಯನ್ನು ಗಾಳಿಗೆ ಚಿಕ್ಕದು ಮಾಡಿತು. ಎದುರು ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ಮೈಯದ್ದೇ. ಚಕ್ರ, ಚೌಕಟ್ಟು, ಬಾಟಲಿ ಎಲ್ಲಾ ಸೇರಿ ಉಳಿದ ಕಾಲು ಪಾಲು. ನಮ್ಮ ಹುಡುಗ ಇವತ್ತಿಗೂ ಎದೆ ಸೆಟೆಸಿ ಕೂತು ಓಡಿಸ್ತಾನೆ. ಮೊಣಕೈ ಬಗ್ಗಿಸೋದಕ್ಕೆ ಒಂದು ಪೈಸೆ ಖರ್ಚಿಲ್ಲ ಅಲ್ವಾ?

ನನ್ನ ದುಡ್ಡೂ ಹೀಗೇ ಹೋಗಿದೆ. 2022ರಲ್ಲಿ ಒಂಬತ್ತು ಸಾವಿರ ಕೊಟ್ಟು ನನ್ನ ಸೈಕಲ್ ಚಕ್ರಕ್ಕೆ ಸೆರಾಮಿಕ್ ಬೇರಿಂಗ್, ಅಂದರೆ ಉಕ್ಕಿನ ಬದಲು ಪಿಂಗಾಣಿ ಜಾತಿಯ ಗುಂಡುಗಳ ಬೇರಿಂಗ್, ಹಾಕಿಸಿದ್ದೆ. ಘರ್ಷಣೆ ಅರ್ಧಕ್ಕಿಂತ ಕಮ್ಮಿ ಅಂತ ಬರೆದಿದ್ದರು. ಅಂಗಡಿಯಲ್ಲಿ ಚಕ್ರವನ್ನ ಸ್ಟ್ಯಾಂಡಿಗೆ ಏರಿಸಿ ತಿರುಗಿಸಿ ಬಿಟ್ಟರು. ನಿಮಿಷಗಟ್ಟಲೆ ತಿರುಗಿತು, ನಾನು ಬೆರಗಾಗಿ ನೋಡಿದೆ. ಮೇಲೆ ಯಾರೂ ಕೂರದ ಚಕ್ರ ಅದು, ಗ್ರೀಸ್ ಬದಲು ತೆಳು ಎಣ್ಣೆ, ಧೂಳು ತಡೆಯೋ ಸೀಲು ಸಡಿಲ. ತಿರುಗದೇ ಏನು ಮಾಡುತ್ತದೆ? ಚಕ್ರದ ಬೇರಿಂಗ್ ತಿನ್ನೋದೇ ಒಂದೆರಡು ವ್ಯಾಟ್. ಅದರಲ್ಲಿ ಅರ್ಧ ಉಳಿಸಿದರೆ ಎಷ್ಟು ಉಳಿಯಿತು? ಅದನ್ನ ಅವತ್ತು ಕೇಳಬೇಕಿತ್ತು. ಗಿಣಿಗೇರಾ ಕಡೆ ಕಾರ್ಖಾನೆಗಳ ಕರೀ ಧೂಳಿನಲ್ಲಿ ಮೂರೇ ತಿಂಗಳಿಗೆ ಬೇರಿಂಗ್ ಕರಕರ ಅನ್ನತೊಡಗಿತು. ಮಾರಿದವರನ್ನು ಕೇಳಿದರೆ, ಇದು ಇಂಥ ರಸ್ತೆಗಲ್ಲ ಮೇಡಂ ಅಂದರು. ಅದನ್ನ ಮಾರುವ ಮೊದಲು ಹೇಳಬೇಕಿತ್ತು.

ಈಜಿಗೆ ಹಾಕೋ ರಬ್ಬರ್ ವೆಟ್‌ಸೂಟಿನ ಜಾಹೀರಾತೂ ಅವನ ಮೊಬೈಲಿಗೆ ಬರ್ತಿವೆ. ಅದು ಮೈ ತೇಲಿಸೋದು ನಿಜ. ಆದರೆ ಐರನ್‌ಮನ್ ಅನ್ನೋ ಹೆಸರಿನ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಅದನ್ನ ಹಾಕಿದವರಿಗೆ ಬಹುಮಾನ ಇಲ್ಲ. ನಮ್ಮ ಕೆರೆಗಳು ಅಷ್ಟು ತಣ್ಣಗಿರೋದು ಎಷ್ಟು ದಿನ?

2012ರಲ್ಲಿ ಆಕ್ಸ್‌ಫರ್ಡಿನ ಕಾರ್ಲ್ ಹೆನೆಗನ್ ಮತ್ತು ಜೊತೆಗಾರರು ಕ್ರೀಡಾ ಸಾಮಾನುಗಳ ಇಂಥ 431 ಹೇಳಿಕೆಗಳನ್ನು ಹಿಡಿದು ಆಧಾರ ಹುಡುಕಿದರು. ಅರ್ಧಕ್ಕೂ ಹೆಚ್ಚು ಕಡೆ ಆಧಾರವೇ ಕೊಟ್ಟಿರಲಿಲ್ಲ. ಸಿಕ್ಕಿದ್ದರಲ್ಲಿ 74 ಅಧ್ಯಯನಗಳನ್ನು ಒರೆಗೆ ಹಚ್ಚಿದರೆ, ಗಟ್ಟಿಯಾಗಿ ನಿಂತದ್ದು ಮೂರು. ಇದನ್ನ ಓದಿದ ಮೇಲೆ ನನಗೆ ಜಾಹೀರಾತಿನ ಅಂಕಿ ನೋಡುವ ಕಣ್ಣೇ ಬದಲಾಯಿತು.

ನಮ್ಮಲ್ಲೂ ಕಾನೂನಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು. 2022ರ ನಿಯಮಗಳ ಪ್ರಕಾರ ಷರತ್ತಿನ ಅಕ್ಷರವೂ ಹೇಳಿಕೆಯ ಅಕ್ಷರದಂತೆಯೇ ಇರಬೇಕು. ಇರುವೆ ಸಾಲಿನಂಥ ಅಕ್ಷರ ನಡೆಯೋದಿಲ್ಲ. ದೂರು ಹೇಳೋದಕ್ಕೆ 1915 ಅನ್ನೋ ಗ್ರಾಹಕ ಸಹಾಯವಾಣಿ ನಂಬರೂ ಇದೆ. ಆ ನಂಬರನ್ನು ಅವನ ಮೊಬೈಲಿನಲ್ಲಿ ನಾನೇ ಹಾಕಿಕೊಟ್ಟೆ.

ಮಧ್ಯಾಹ್ನ ಊಟ ಆದ ಮೇಲೆ ಅಂಗಳದಲ್ಲಿ ಸೈಕಲ್ ಮಗುಚಿ ಹಾಕಿ ಚೈನ್ ತೊಳೆದ. ಹಳೇ ಬನಿಯನ್ ತುಂಡನ್ನು ಡೀಸೆಲ್ಲಿನಲ್ಲಿ ಅದ್ದಿ, ಚೈನ್ ಸುತ್ತ ಹಿಡಿದು, ಪೆಡಲ್ ಹಿಂದಕ್ಕೆ ತಿರುಗಿಸಿದರೆ ಬಟ್ಟೆ ಮೇಲೆ ಕರೀ ಕೆಸರಿನ ಗೆರೆ ಬಿತ್ತು. ಐದು ಸಲ ಒರೆಸಿದ ಮೇಲೆ ಬಟ್ಟೆ ಬೂದಿ ಬಣ್ಣಕ್ಕೆ ಬಂತು, ಚೈನಿನ ಕೊಂಡಿಗಳು ಬೆಳ್ಳಿಯಂಗೆ ಹೊಳೆದವು. ಒಣಗಿಸಿ ಒಂದೊಂದು ಕೊಂಡಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟ. ಹೊಲಸು ಚೈನ್ ತಿನ್ನೋ ಶಕ್ತಿ ನನ್ನ ಸೆರಾಮಿಕ್ ಬೇರಿಂಗ್ ಉಳಿಸಿದ್ದಕ್ಕಿಂತ ಜಾಸ್ತಿ. ಎಣ್ಣೆ ಡಬ್ಬಿಯ ಬೆಲೆ ಇನ್ನೂರು ರೂಪಾಯಿ ದಾಟೋದಿಲ್ಲ.

ಆಮೇಲೆ ಕೈ ಒರೆಸಿಕೊಂಡು ತಾನಾಗಿಯೇ ಚಕ್ರ ಮಾರುವವರಿಗೆ ಮೆಸೇಜ್ ಬರೆದ. ಮೂರು ಪ್ರಶ್ನೆ. ಎಷ್ಟು ವೇಗದಲ್ಲಿ ಎರಡು ನಿಮಿಷ? ಯಾವ ಚಕ್ರಕ್ಕೆ ಹೋಲಿಸಿ? ಮಗ್ಗುಲ ಗಾಳಿಯಲ್ಲಿ ಅಳೆದೀರೇನು? ಕಳಿಸುವ ಮೊದಲು ನನಗೆ ತೋರಿಸಿದ. ನಾನು ಒಂದಕ್ಷರ ತಿದ್ದಲಿಲ್ಲ.

ಮುಂದಿನ ತಿಂಗಳು ಮೊಣಕೈ ಬಗ್ಗಿಸಿದ ಸವಾರಿ, ಸೆಟೆದ ಸವಾರಿ ಎರಡಕ್ಕೂ ನಾಣ್ಯ ಚಿಮ್ಮೋದು ಅಂತ ಮಾತಾಗಿದೆ. ಚಕ್ರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದಾನೆ. ನಾಳೆ ಹೊಸಪೇಟೆಗೆ ವಾಪಸ್ ಹೋಗ್ತವೆ. ಕೊಳ್ಳಬೇಕೋ ಬ್ಯಾಡವೋ ಅಂತ ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಪಂಚಮಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಮಾತಾಡ್ತೀನಿ ಅಂದಿದ್ದಾನೆ.

ಈಗ ರಾತ್ರಿ ಒಂಬತ್ತೂವರೆ. ಮೆಸೇಜಿಗೆ ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಬಂದಿಲ್ಲ.