ಶನಿವಾರದ ಬಟವಾಡೆ

ಶನಿವಾರ ಸಂಜೆಯ ಮೀಟಿಂಗನ್ನು ಭಾನುವಾರ ಬೆಳಗ್ಗೆಗೆ ಹಾಕೋಣ ಅಂತ ಹೇಳಿದ್ದು ನಾನೇ. ಆಗ ನಾನು ನಮ್ಮ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಗ್ರೂಪಿನ ಸೆಕ್ರೆಟರಿ. ಕುಡಿತ ಬಿಟ್ಟು 4 ವರ್ಷ ಆಗಿತ್ತು, ಸ್ವಲ್ಪ ಜಂಬವೂ ಬಂದಿತ್ತು ಅನ್ನಿ. ಶನಿವಾರ ಸಂಜೆ ಬೆಂಗಳೂರಿನ ಟ್ರಾಫಿಕ್ ಹೇಗಿರುತ್ತೆ ಗೊತ್ತಲ್ವಾ? ಆರೂವರೆಯ ಮೀಟಿಂಗಿಗೆ ಅರ್ಧ ಜನ ಏಳಕ್ಕೆ ಬರುತ್ತಿದ್ದರು, ಇನ್ನು ಕೆಲವರು ಮದುವೆ, ರಿಸೆಪ್ಷನ್ ಅಂತ ತಪ್ಪಿಸಿಕೊಳ್ಳುತ್ತಿದ್ದರು. ಇದರಲ್ಲಿ ಚರ್ಚೆ ಮಾಡುವುದೇನಿದೆ ಅಂದುಕೊಂಡಿದ್ದೆ.

ಗ್ರೂಪಿನ ವಿಷಯಗಳನ್ನು ತೀರ್ಮಾನಿಸುವ ಬಿಸಿನೆಸ್ ಮೀಟಿಂಗಿಗೆ 14 ಜನ ಬಂದಿದ್ದೆವು. ಬೇಕು ಅನ್ನುವವರು ಕೈ ಎತ್ತಿ ಅಂದೆ. 13 ಕೈ. ಬೇಡ ಅನ್ನುವವರು? ಬಾಗಿಲ ಹತ್ತಿರದ ಕುರ್ಚಿಯಿಂದ ಒಂದು ಕೈ. ಅದೂ ಪೂರ್ತಿ ಮೇಲೆ ಹೋಗಿರಲಿಲ್ಲ, ಕಿವಿಯ ಮಟ್ಟಕ್ಕೇ ನಿಂತಿತ್ತು. ಗಾರೆ ಕೆಲಸದವರು, ಗ್ರೂಪಿಗೆ ಬಂದು ಐದು ತಿಂಗಳಾಗಿತ್ತು. ನಾನು ಆಗಲೇ ಪುಸ್ತಕದಲ್ಲಿ ‘ಪಾಸಾ…’ ಅನ್ನುವವರೆಗೆ ಬರೆದಿದ್ದೆ.

“ಇರಪ್ಪಾ, ಪೆನ್ನು ಕೆಳಗಿಡು,” ಅಂದರು ನಮ್ಮ ಹಿರಿಯ ಮೆಂಬರ್ ಒಬ್ಬರು. “ಅವರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಕೇಳಬೇಕಿತ್ತು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರಿಂದ ಶುರುವಾದ ಈ ಕೂಟಕ್ಕೆ ಯಜಮಾನ ಅಂತ ಯಾರೂ ಇಲ್ಲ. ಗ್ರೂಪಿನ ಮನಸ್ಸಾಕ್ಷಿಯೇ ಎಲ್ಲ, ನಮ್ಮಂಥ ಸೆಕ್ರೆಟರಿಗಳು ಬರೀ ಸೇವೆಗೆ. ಆ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಬರೆದ, ಎಎ ಹೇಗೆ ನಡೆಯಬೇಕು ಅಂತ ಹೇಳುವ 12 ಪರಿಕಲ್ಪನೆಗಳನ್ನು 1962ರಲ್ಲಿ ಎಎ ಒಪ್ಪಿಕೊಂಡಿತು. ಅದರಲ್ಲಿ ಐದನೆಯದು ಕಡಿಮೆ ವೋಟು ಬಿದ್ದವರ ಮಾತಿಗೇ ಮೀಸಲು. ಹಾಗಾಗಿ ವೋಟು ಆದ ಮೇಲೂ ಸೋತವರನ್ನು ಮಾತಾಡಿಸಬೇಕು. ಅದನ್ನು ಕೇಳಿ ಗೆದ್ದವರಲ್ಲಿ ಯಾರಿಗಾದರೂ ಮನಸ್ಸು ಬದಲಾದರೆ ಮತ್ತೆ ವೋಟು. ಇಂಥ ವಿಷಯಕ್ಕೆ ಮೂರರಲ್ಲಿ ಎರಡು ಪಾಲು ಕೈ ಬೇಕು ಅಂತಲೂ ನಮ್ಮ ಗ್ರೂಪಿನಲ್ಲಿ ಮೊದಲೇ ಮಾತಾಗಿತ್ತು.

ಗಾರೆ ಕೆಲಸದವರು ಎದ್ದು ನಿಂತರು. “ನಮ್ಗೆ ಶನಿವಾರ ಬಟವಾಡೆ ಸಾರ್. ಐದೂವರೆಗೆ ಮೇಸ್ತ್ರಿ ದುಡ್ಡು ಕೊಡ್ತಾರೆ. ಸೈಟಿಂದ ಮನೆಗೆ ಹೋಗೋ ದಾರೀಲಿ ಮೂರು ಎಣ್ಣೆ ಅಂಗಡಿ. ದುಡ್ಡು ಜೇಬಲ್ಲಿಟ್ಕೊಂಡು ಸೀದಾ ಇಲ್ಲಿಗೆ ಬರ್ತೀನಿ. ಮೀಟಿಂಗ್ ಮುಗಿಯೋ ಹೊತ್ಗೆ ನಮ್ಮನೆಯವಳು ಗೇಟ್ ಹತ್ರ ಬಂದಿರ್ತಾಳೆ, ಅವಳ ಕೈಗೆ ಕೊಟ್ಬಿಡ್ತೀನಿ. ಭಾನುವಾರ ಬೆಳಗ್ಗೆ ಮಾಡಿದ್ರೆ…” ಅಷ್ಟಕ್ಕೇ ಕೂತುಬಿಟ್ಟರು.

ಗೇಟ್ ಹತ್ತಿರ ಆ ಹೆಂಗಸು ನಿಂತಿರುವುದನ್ನು ಪ್ರತಿ ವಾರ ನೋಡಿದ್ದೆ. ಗಂಡ ಮೀಟಿಂಗಿಗೆ ಬಂದಿದ್ದಾನೋ ಇಲ್ವೋ ಅಂತ ಪತ್ತೆದಾರಿಕೆ ಮಾಡುತ್ತಾಳೆ ಅಂದುಕೊಂಡಿದ್ದೆ.

ಆಟೋ ಓಡಿಸುವ ಮೆಂಬರ್ ಒಬ್ಬರು, “ನನ್ ಕೈ ವಾಪಸ್ ತಗೋತೀನಿ,” ಅಂದರು. ಮತ್ತೆ ವೋಟು. ಬೇಕು 8, ಬೇಡ 6. ಹತ್ತು ಕೈ ಬೇಕಿತ್ತು, ಬಿದ್ದು ಹೋಯಿತು. ಆ ಎಂಟರಲ್ಲಿ ನನ್ನದೂ ಒಂದು. ಅವರ ಮಾತು ಸರಿ ಅಂತ ಗೊತ್ತಾಗಿತ್ತು, ಆದರೂ ನಾನೇ ಎತ್ತಿದ ವಿಷಯ, ಕೈ ಇಳಿಸಲು ಮನಸ್ಸು ಬರಲಿಲ್ಲ.

ಹಾಗಂತ ಒಬ್ಬರು ಬೇಡ ಅಂದಿದ್ದೆಲ್ಲ ನಮ್ಮಲ್ಲಿ ನಿಲ್ಲುವುದಿಲ್ಲ. ಟೀ ಜೊತೆ ಬಿಸ್ಕತ್ತು ದಂಡದ ಖರ್ಚು ಅಂತ ಒಬ್ಬರು ಮೂರು ತಿಂಗಳು ಹಟ ಹಿಡಿದಿದ್ದರು. ಮೂರು ಸಲವೂ ಪೂರ್ತಿ ಕೇಳಿದೆವು, ಮೂರು ಸಲವೂ ಬಿಸ್ಕತ್ತು ತಿಂದೆವು. ಅವರೂ ತಿಂದರು.

ಮುಂದಿನ ಶನಿವಾರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ನಾನೇ ತಡವಾಗಿ ಹೋದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವರು ಕೂತಿದ್ದರು, ಉಗುರ ಸಂದಿಯಲ್ಲಿ ಇನ್ನೂ ಸಿಮೆಂಟು. ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ಗೇಟ್ ಹತ್ತಿರ ಅವರ ಹೆಂಡತಿ. ಒಳಗೆ ಬಂದು ಟೀ ಕುಡೀರಿ ಅಂದೆ.

“ಬೇಡ ಅಣ್ಣ, ರೇಷನ್ ಅಂಗಡಿ ಬಾಗಿಲು ಹಾಕ್ಬಿಡ್ತಾನೆ,” ಅಂತ ಅವರು ಆಗಲೇ ಗಂಡನ ಮುಂದೆ ಕೈ ಚಾಚಿದ್ದರು.